ಹಳೆಯ ಮನೆಯನ್ನು ಕೊಳ್ಳುವ ಮುನ್ನ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ಹಿರಿಯರ ಅನುಭವದ ಮಾತು. ಅದರೊಡನೆ ‘ಹಳೆಯ ಮನೆ ಕೊಂಡು ನೋಡು’ ಎಂಬುದನ್ನೂ ಸೇರಿಸುವ ಕಾಲವಿದು. ಧಾರವಾಡ, ಗದಗ, ವಿಜಯಪುರಗಳ ಹಳೆಯ ಓಣಿಗಳಲ್ಲಿ, ಮಕ್ಕಳು ನೌಕರಿಗೆಂದು ದೂರ ಹೋದ ಮೇಲೆ ಬೀಗ ಬಿದ್ದಿರುವ ಮನೆಗಳನ್ನು ನಾವು ಕಾಣುತ್ತೇವೆ. ಅಂತಹ ಮನೆಯನ್ನು ಕೊಂಡು, ದುರಸ್ತಿ ಮಾಡಿಸಿ, ಬಾಡಿಗೆಗೆ ಕೊಡುವ ಅಥವಾ ಮಾರುವ ಆಲೋಚನೆ ಗೃಹಸ್ಥರಲ್ಲಿ ಮೂಡುವುದು ಸಹಜ. ಆದರೆ ಜೀವಮಾನದ ಉಳಿತಾಯವನ್ನು ತೊಡಗಿಸುವ ಮುನ್ನ ಹಕ್ಕು, ಮಾಳಿಗೆ, ಲೆಕ್ಕ ಎಂಬ ಮೂರನ್ನು ಪರೀಕ್ಷಿಸುವುದು ಅವಶ್ಯ.

ನಮಗೆ ಪರಿಚಿತರಾದ ನಿವೃತ್ತ ಶಿಕ್ಷಕರೊಬ್ಬರು ಮೂವರು ಸಹೋದರರಿಂದ ಅವರ ಪಿತ್ರಾರ್ಜಿತ ಮನೆಯನ್ನು ಕೊಂಡರು. ‘ತಂಗಿಗೆ ಮದುವೆಯಲ್ಲಿಯೇ ಕೊಡುವುದನ್ನೆಲ್ಲ ಕೊಟ್ಟಿದ್ದೇವೆ’ ಎಂಬ ಸಹೋದರರ ಮಾತನ್ನು ನಂಬಿದರು. ದುರಸ್ತಿ ಮುಗಿದು ಸುಣ್ಣಬಣ್ಣವಾಗುವ ಹೊತ್ತಿಗೆ, ಆ ತಂಗಿಯು ಹೂಡಿದ ದಾವೆಯ ಸಮನ್ಸ್ ಮನೆಬಾಗಿಲಿಗೆ ಬಂದಿತು.

ಆ ತಾಯಿಯ ಬೇಡಿಕೆ ಅನ್ಯಾಯದ್ದೇನೂ ಅಲ್ಲ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 2ನೆಯ ಕಲಮು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ತಂದಿದೆ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿಯು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲನ್ನು ಕೊಟ್ಟಿತು. ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದೂ, ಅದಕ್ಕಾಗಿ ಅಂದು ತಂದೆ ಬದುಕಿರಬೇಕಾಗಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ಕ್ರಮಬದ್ಧವಾಗಿ ನಡೆದ ಮಾರಾಟ, ಪಾಲುಗಳಿಗೆ ಮಾತ್ರ ಬಾಧೆಯಿಲ್ಲ.

ಆದುದರಿಂದ ಋಣಭಾರ ಪ್ರಮಾಣಪತ್ರವೊಂದನ್ನೇ ನೋಡಿ ತೃಪ್ತರಾಗಬಾರದು. ನೋಂದಣಿಯಾದ ವ್ಯವಹಾರಗಳು ಅದರಲ್ಲಿ ಕಾಣುತ್ತವೆ. ಮನೆಯೊಳಗಿನ ಬಾಯಿಮಾತಿನ ಪಾಲುಗಳು ಕಾಣುವುದಿಲ್ಲ. ವಂಶವೃಕ್ಷ, ಮೂಲ ಪತ್ರಗಳು, ಖಾತೆಯ ಉತಾರ ಇವನ್ನು ವಕೀಲರಿಗೆ ತೋರಿಸಬೇಕು. ಅಕ್ಕತಂಗಿಯರೂ ಖರೀದಿಪತ್ರಕ್ಕೆ ಸಹಿ ಮಾಡಬೇಕು, ಅಥವಾ ಮೊದಲೇ ನೋಂದಾಯಿತ ಹಕ್ಕುಬಿಡುಗಡೆ ಪತ್ರವಿರಬೇಕು.

ಎರಡನೆಯದು ಮಾಳಿಗೆ. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಯ ಭಾರವನ್ನೆಲ್ಲ ತೊಲೆ, ಜಂತಿಗಳೇ ಹೊರುತ್ತವೆ. ಗೋಡೆಯೊಳಗೆ ಸೇರಿದ ತೊಲೆಯ ತುದಿಯೇ ತೇವದಿಂದ ಮೊದಲು ಕೊಳೆಯುವುದು. ಅಲ್ಲಿ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಗೆದ್ದಲ ಮಣ್ಣು ಕಂಡರೆ, ಅನುಭವಿ ಬಡಿಗರನ್ನು ಕರೆಸಬೇಕು. ಮಳೆಗಾಲದಲ್ಲಿ ಮನೆಯನ್ನು ನೋಡುವುದು ಇನ್ನೂ ಲೇಸು. ಸೋರುವ ಜಾಗವನ್ನು ಮಾರುವವರು ಮರೆಮಾಚಲಾರರು. ಮಣ್ಣಿನ ಮಾಳಿಗೆಯ ಮೇಲೆ ಕಾಂಕ್ರೀಟ್ ಸುರಿಯುವುದು ಅನೇಕರು ಮಾಡುವ ತಪ್ಪು. ಭಾರ ಹೆಚ್ಚುತ್ತದೆ, ಬಿರುಕಿನಲ್ಲಿಳಿದ ನೀರು ಆರದೆ ಮರವನ್ನು ಕೊಳೆಸುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿದರೂ ತೇವ ಒಳಗೇ ಉಳಿಯುತ್ತದೆ. ಅದಕ್ಕೆ ಸುಣ್ಣದ ಗಾರೆಯೇ ಹಿತ.

ಮೂರನೆಯದು ಲೆಕ್ಕ. ಒಂದು ಉದಾಹರಣೆಯನ್ನು ನೋಡೋಣ. ನಗರದಲ್ಲಿ 50 ಲಕ್ಷ ರೂಪಾಯಿಯ ಮನೆಗೆ ಮುದ್ರಾಂಕ ಶುಲ್ಕ, ಅದರ ಮೇಲಿನ ಕರಗಳು ಮತ್ತು 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿ ಸುಮಾರು 3 ಲಕ್ಷ 80 ಸಾವಿರ ತಗಲುತ್ತದೆ. ದುರಸ್ತಿಗೆ 12 ಲಕ್ಷವೆಂದುಕೊಂಡರೆ ಒಟ್ಟು 65 ಲಕ್ಷ 80 ಸಾವಿರ. ಮೂರು ವರ್ಷಗಳ ಬಳಿಕ 72 ಲಕ್ಷಕ್ಕೆ ಮಾರಿದಾಗ, ಕೊಂಡ ಬೆಲೆಯನ್ನಷ್ಟೇ ನೆನೆದವರಿಗೆ 22 ಲಕ್ಷ ಗಳಿಸಿದಂತೆ ತೋರುತ್ತದೆ. ನಿಜವಾದ ಲಾಭ 6 ಲಕ್ಷ 20 ಸಾವಿರ. ವರ್ಷಕ್ಕೆ ಸುಮಾರು ಶೇ. 3 ಮಾತ್ರ! ಎರಡು ವರ್ಷ ಮೀರಿ ಇಟ್ಟುಕೊಂಡ ಮನೆಯ ಲಾಭಕ್ಕೆ 2024ರ ಜುಲೈ 23ರಿಂದ ಶೇ. 12.5ರ ತೆರಿಗೆಯ ದರ ಬಂದಿದೆ. ಮನೆಯನ್ನು ಉತ್ತಮಪಡಿಸಿದ ವೆಚ್ಚವನ್ನು ಲಾಭದಲ್ಲಿ ಕಳೆಯಲು ರಶೀದಿಗಳು ಬೇಕು, ಅವನ್ನು ಜೋಪಾನವಾಗಿಡಬೇಕು. ಬಾಡಿಗೆ ಬರುವಂತಿದ್ದರೆ ಮಾತ್ರ ಇಂತಹ ಲೆಕ್ಕ ಸರಿದೂಗೀತು.

ಆ ಶಿಕ್ಷಕರ ಪ್ರಸಂಗವು ಕೊನೆಗೆ ರಾಜಿಯಲ್ಲಿ ಮುಗಿಯಿತು. ಸಹೋದರರು ತಂಗಿಯ ಪಾಲನ್ನು ಕೊಟ್ಟರು; ಶಿಕ್ಷಕರಿಗೆ ಎರಡು ವರ್ಷಗಳ ನೆಮ್ಮದಿ ಹೋಯಿತು. ಖರೀದಿಗೆ ಮುನ್ನ ಒಂದು ದಿನ ಆ ತಂಗಿಯ ಊರಿಗೆ ಹೋಗಿ ‘ತಾಯೀ, ನಿಮ್ಮ ಒಪ್ಪಿಗೆಯಿದೆಯೇ? ನಿಮ್ಮ ಪಾಲು ಸಂದಿದೆಯೇ?’ ಎಂದು ಕೇಳಿದ್ದರೆ ಇದಾವುದೂ ಇರುತ್ತಿರಲಿಲ್ಲ. ಹಳೆಯ ಮನೆಯನ್ನು ಕೊಳ್ಳುವ ಬಂಧುಗಳು ಈ ಎರಡು ಪ್ರಶ್ನೆಗಳನ್ನು ಮೊದಲು ಕೇಳಲಿ. ಗೋಡೆಯ ಬಿರುಕನ್ನು ಗಾರೆ ಮುಚ್ಚೀತು. ಹೆಣ್ಣುಮಗಳ ನೊಂದ ಮನಸ್ಸನ್ನು ಯಾವ ಗಾರೆಯೂ ಮುಚ್ಚಲಾರದು.