ರಂಜಕದ ಲೆಕ್ಕವೂ ರೋಗಿಯ ಊಟವೂ

ಮೂತ್ರಪಿಂಡಗಳು ಕೆಟ್ಟು ಡಯಾಲಿಸಿಸ್ ಆರಂಭವಾದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, ‘ಇನ್ನು ಇವರಿಗೆ ಏನನ್ನು ಬಡಿಸಬೇಕು?’ ಎಂಬುದು. ಉಪ್ಪು ನೀರುಗಳ ಮಿತಿಯನ್ನು ಬಹುಮಂದಿ ಬಲ್ಲರು. ರಂಜಕದ ವಿಷಯವನ್ನು ಬಲ್ಲವರು ಕಡಮೆ. ಅದು ನಾಲಗೆಗೆ ತಿಳಿಯದು, ಕಣ್ಣಿಗೆ ಕಾಣದು. ಆದುದರಿಂದ ಅದನ್ನು ಕುರಿತು ವಾಚಕರೊಡನೆ ಕೆಲವು ಮಾತನಾಡಬಯಸುತ್ತೇವೆ.

ಫಾಸ್ಫೇಟಿನ ರೂಪದಲ್ಲಿ ರಂಜಕವು ಎಲುಬು ಹಲ್ಲುಗಳಿಗೆ ಬೇಕೇ ಬೇಕು. ಹೆಚ್ಚಾದುದನ್ನು ಆರೋಗ್ಯವಂತನ ಮೂತ್ರಪಿಂಡಗಳು ಹೊರಹಾಕುತ್ತವೆ. ಅವು ಸೋತಾಗ ಅದು ರಕ್ತದಲ್ಲಿಯೇ ನಿಲ್ಲುತ್ತದೆ. ಮೈ ತುರಿಸುತ್ತದೆ, ಎಲುಬು ದುರ್ಬಲವಾಗುತ್ತದೆ, ರಕ್ತನಾಳಗಳ ಗೋಡೆಯಲ್ಲಿ ಸುಣ್ಣ ಕಟ್ಟಿ ಹೃದಯಕ್ಕೆ ಅಪಾಯ ಬರುತ್ತದೆ.

ಯಂತ್ರವು ಇದನ್ನು ತೆಗೆಯದೇ? ತೆಗೆಯುತ್ತದೆ, ಆದರೆ ಸಾಲದು. 4 ಗಂಟೆಗಳ ಒಂದು ಸರದಿಯಲ್ಲಿ ಹೋಗುವುದು ಸುಮಾರು 800 ಮಿಲಿಗ್ರಾಂ; ವಾರಕ್ಕೆ 3 ಸರದಿಯಾದರೆ 2,400. ದಿನಕ್ಕೆ 1,000 ಮಿಲಿಗ್ರಾಂ ಉಂಡು ಅದರಲ್ಲಿ ಶೇಕಡಾ 60 ಮೈಗೂಡಿತೆಂದರೆ ವಾರಕ್ಕೆ 4,200. ಮಿಕ್ಕ 1,800 ಎಲ್ಲಿ ಹೋಗಬೇಕು? ವಾರಕ್ಕೆ ಎರಡೇ ಸರದಿ ದೊರೆಯುವ ಬಡವನ ಲೆಕ್ಕವಂತೂ ಇನ್ನೂ ಕಠಿಣ.

ಇದನ್ನು ಕೇಳಿದೊಡನೆ ಮನೆಯವರು ಬೇಳೆ, ಮೊಟ್ಟೆ, ಮೀನು ಎಲ್ಲವನ್ನೂ ನಿಲ್ಲಿಸಿ ರೋಗಿಯನ್ನು ಗಂಜಿಗೆ ಇಳಿಸುವುದುಂಟು. ಅಕ್ಕರೆಯಿಂದ ಮಾಡುವ ತಪ್ಪಿದು. ಡಯಾಲಿಸಿಸ್ ಮಾಡಿಸಿಕೊಳ್ಳುವವನಿಗೆ ದೇಹದ ತೂಕದ ಕಿಲೋಗ್ರಾಮಿಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನು ಅವಶ್ಯ. ರಂಜಕಕ್ಕೆ ಹೆದರಿ ಅದನ್ನು ಬಿಟ್ಟವನ ಮಾಂಸಖಂಡಗಳು ಕರಗಿ ಬೇರೊಂದು ಕಷ್ಟ ಬರುತ್ತದೆ. ಪಥ್ಯ ಹೇಳುವವರು ‘ಬೇಡ’ ಎನ್ನುವ ಮೊದಲು ರೋಗಿಯ ತಟ್ಟೆಯಲ್ಲಿ ಈಗ ಏನಿದೆಯೆಂದು ಕೇಳಬೇಕು.

ಏಕೆಂದರೆ ಎಲ್ಲ ರಂಜಕವೂ ಒಂದೇ ಅಲ್ಲ. ಬೇಳೆಕಾಳುಗಳಲ್ಲಿ ಅದು ಬಹುಪಾಲು ಫೈಟೇಟ್ ಎಂಬ ರೂಪದಲ್ಲಿ ಸೆರೆಯಾಗಿರುವುದರಿಂದ ಸಾಮಾನ್ಯವಾಗಿ ಅರ್ಧವೂ ರಕ್ತಕ್ಕೆ ಸೇರದು. ಬೇಯಿಸಿದ ನೀರನ್ನು ಬಸಿದು ಚೆಲ್ಲಿದರೆ ಇನ್ನೂ ಇಳಿಯುತ್ತದೆ. ಹೋಳಿಗೆಯ ಮರುದಿನ ಕಟ್ಟಿನ ಸಾರಿಗಾಗಿ ಕಾಯುವ ಮನೆಗಳಿಗೆ ಈ ಮಾತು ರುಚಿಸಲಾರದೆಂದು ಬಲ್ಲೆವು! ಮೊಟ್ಟೆಯಲ್ಲಿ ರಂಜಕವೆಲ್ಲ ಹಳದಿಯಲ್ಲಿಯೇ ಎನ್ನಬಹುದು. ಬಿಳಿಯ ಭಾಗದಲ್ಲಿ ಸುಮಾರು 5 ಮಿಲಿಗ್ರಾಂ ಮಾತ್ರ, ಪ್ರೋಟೀನಾದರೋ ಹಳದಿಗಿಂತ ಹೆಚ್ಚು.

ನಿಜವಾಗಿ ಅಂಜಬೇಕಾದುದು ಅಂಗಡಿಯ ಪೊಟ್ಟಣಕ್ಕೆ. ಕಪ್ಪು ಕೋಲಾ ಪಾನೀಯ, ಸಂಸ್ಕರಿಸಿದ ಚೀಸು ಮತ್ತು ಮಾಂಸ, ಹಲವು ಸಿದ್ಧ ತಿನಿಸುಗಳು ಇವುಗಳಿಗೆ ಬೆರೆಸುವ ಫಾಸ್ಫೇಟು ಬಹುಮಟ್ಟಿಗೆ ಪೂರ್ತಿಯಾಗಿಯೇ ರಕ್ತ ಸೇರುತ್ತದೆ. ಲೇಬಲ್ಲಿನ ಸಣ್ಣ ಅಕ್ಷರಗಳನ್ನು ಓದಲಾಗದ ಅಜ್ಜನಿಗೆ ಮನೆಯ ಶಾಲಾಬಾಲಕನು ಅಂಕಿಗಳನ್ನು ಹುಡುಕಿಕೊಡಬಹುದು: 338ರಿಂದ 343, ಮತ್ತು 450ರಿಂದ 452.

ಕೊನೆಯದು ಮಾತ್ರೆಯ ಮಾತು. ಕ್ಯಾಲ್ಸಿಯಂ ಅಸಿಟೇಟ್, ಸೆವೆಲಮರ್ ಮುಂತಾದವು ಅನ್ನದೊಡನೆ ಕರುಳಿನಲ್ಲಿ ಬೆರೆತು ಫಾಸ್ಫೇಟನ್ನು ಹಿಡಿದು ಹೊರಸಾಗಿಸುತ್ತವೆ. ಬರಿಹೊಟ್ಟೆಯಲ್ಲಿ ನುಂಗಿದರೆ ಹಿಡಿಯಲು ಅಲ್ಲಿ ಏನೂ ಇರುವುದಿಲ್ಲ. ಎಷ್ಟು ಎಂಬುದನ್ನು ವೈದ್ಯರು ಹೇಳಲಿ; ಉಣ್ಣುವಾಗಲೇ ಎಂಬುದನ್ನು ಮನೆಯವರು ನೋಡಿಕೊಳ್ಳಲಿ. ಪಥ್ಯದವನಿಗೆ ಉಪ್ಪಿನಕಾಯಿ ಹೇಗೂ ಸಲ್ಲದು. ಆ ಜಾಡಿಯಿದ್ದ ಜಾಗದಲ್ಲಿ ಮಾತ್ರೆಯ ಡಬ್ಬಿಯನ್ನಿಟ್ಟರೆ ಮರೆವಾಗದು.