ಗುಡ್ಡದ ಮರೆಯ ಕಡಲು

ಭಟ್ಕಳದ ಮಾವಿನಕುರ್ವೆಯಲ್ಲಿ ಶರಾಬಿ ಹೊಳೆ ಕಡಲು ಸೇರುತ್ತದೆ. ಹೊರಗೆ ತೆರೆ ಎಷ್ಟೇ ಅಬ್ಬರಿಸಲಿ, ಅಳಿವೆಯೊಳಗಿನ ಬಂದರಿನಲ್ಲಿ ಮೀನುಗಾರರ ದೋಣಿಗಳು ನೆಮ್ಮದಿಯಾಗಿ ನಿಲ್ಲುತ್ತವೆ. ಹೆಂಡತಿ ಮಕ್ಕಳು, ಅಜ್ಜ ಅಜ್ಜಿಯರ ಸಮೇತ ಕಡಲು ನೋಡಲು ಹೊರಟವರೂ ಹುಡುಕಬೇಕಾದ್ದು ಇಂಥ ಮರೆಯ ಜಾಗವನ್ನೇ.

ಉತ್ತರ ಕನ್ನಡದಲ್ಲಿ ಅದಕ್ಕೆ ಬರವಿಲ್ಲ. ಇಲ್ಲಿ ಗುಡ್ಡಗಳು ಕಡಲಿನವರೆಗೂ ಚಾಚಿಕೊಂಡಿವೆ. ದೂರದಿಂದ ಬರುವ ತೆರೆ ಮುಂದೆ ಚಾಚಿದ ಬಂಡೆಯ ಕಡೆಗೆ ಬಾಗಿ ತನ್ನ ಬಲವನ್ನೆಲ್ಲ ಅಲ್ಲೇ ಸುರಿಯುತ್ತದೆ. ಎರಡು ಗುಡ್ಡಗಳ ನಡುವಿನ ಕೊಲ್ಲಿಗೆ ಬರುವಷ್ಟರಲ್ಲಿ ಹರಡಿ ಸಣ್ಣದಾಗಿರುತ್ತದೆ. ಕುಮಟಾ ತಾಲ್ಲೂಕಿನ ಗೋಕರ್ಣದ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳು ಹೀಗೆ ಗುಡ್ಡಗಳ ನಡುವೆ ಕೂತಂಥವು. ಕೊನೆಯ ಎರಡಕ್ಕೆ ಕಾಲ್ನಡಿಗೆ ಇಲ್ಲವೇ ದೋಣಿಯೇ ಗತಿ. ಬ್ರಿಟನ್ನಿನ ವೇಲ್ಸ್‌ನಲ್ಲಿ ಹೆಸರಾದ ಬಾರಫಂಡಲ್ ಕೊಲ್ಲಿಗೂ ವಾಹನ ಹೋಗುವುದಿಲ್ಲ. ಬುತ್ತಿ ಹೊತ್ತು, ಮಕ್ಕಳ ಕೈಹಿಡಿದು ಬಂಡೆಗುಡ್ಡ ದಾಟಿಯೇ ಅಲ್ಲಿನ ಕುಟುಂಬಗಳು ಮರಳಿಗಿಳಿಯುತ್ತವೆ.

ಇಳಿತದ ಹೊತ್ತಿಗೆ ಹೋದರೆ ಮಕ್ಕಳಿಗೆ ನೀರಿಗಿಂತ ಮರಳೇ ಹೆಚ್ಚು ಹಿಡಿಸುತ್ತದೆ. ಒದ್ದೆ ಮರಳಿನ ಮೇಲೆ ಸಾಸಿವೆಯಷ್ಟು, ಮೆಣಸಿನಕಾಳಿನಷ್ಟು ಉಂಡೆಗಳು ಸಾಲುಸಾಲಾಗಿ ಬಿದ್ದಿರುತ್ತವೆ. ಉಗುರಿನಷ್ಟಿರುವ ಏಡಿಗಳ ಕೆಲಸವಿದು. ನೀರು ಸರಿದ ಕೂಡಲೇ ಬಿಲದಿಂದ ಹೊರಬಂದು, ಮರಳನ್ನು ಬಾಯಿಗಿಟ್ಟು ಅದರಲ್ಲಿರುವ ಆಹಾರದ ಕಣ ಹೀರಿ, ಉಳಿದದ್ದನ್ನು ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತವೆ. ನೆರಳು ಬಿದ್ದರೆ ಸಾಕು, ಬಿಲ ಸೇರುತ್ತವೆ. ಅಲುಗಾಡದೆ ಐದು ನಿಮಿಷ ಕೂತ ಮಗುವಿಗೆ ಮಾತ್ರ ಕಾಣಸಿಗುವ ನೋಟ.

ಹೊನ್ನಾವರದಲ್ಲಿ ಶರಾವತಿ ಹೊಳೆ ಕಡಲು ಸೇರುವಲ್ಲಿ, ದಕ್ಷಿಣದ ದಡಕ್ಕೆ ಕಾಸರಕೋಡು. ಗಾಳಿಮರಗಳ ತೋಪಿನ ಈ ಬೀಚಿಗೆ 2020ರ ಅಕ್ಟೋಬರಿನಲ್ಲಿ ಉಡುಪಿ ಜಿಲ್ಲೆಯ ಪಡುಬಿದ್ರಿಯ ಜೊತೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ನೀರಿನ ಶುದ್ಧತೆ, ಶೌಚಾಲಯ, ಜೀವರಕ್ಷಕರು, ಅಂಗವಿಕಲರಿಗೆ ಸೌಲಭ್ಯ ಎಂದು 33 ಮಾನದಂಡಗಳನ್ನು ಅದಕ್ಕಾಗಿ ಪೂರೈಸಬೇಕು. ಇಲ್ಲಿ ಗುಡ್ಡದ ಮರೆಯಿಲ್ಲ. ರಕ್ಷಣೆ ಮನುಷ್ಯರ ಕಡೆಯಿಂದಲೇ ಬರಬೇಕು.

ಶಾಂತವಾಗಿ ಕಾಣುವ ಕೊಲ್ಲಿಯಲ್ಲೂ ಸೆಳೆತ ಇರುತ್ತದೆ. ದಡಕ್ಕೆ ನುಗ್ಗಿದ ನೀರು ಬಂಡೆಯ ಪಕ್ಕದ ಇಕ್ಕಟ್ಟಿನಲ್ಲೇ ಹೆಚ್ಚಾಗಿ ಹಿಂದಿರುಗುವುದರಿಂದ, ತೆರೆ ಒಡೆಯದೆ ನುಣ್ಣಗೆ ಕಾಣುವ ಜಾಗವೇ ಅಪಾಯದ್ದಾಗಬಹುದು. ಅದರಲ್ಲಿ ಸಿಕ್ಕಿದವರು ದಡದ ಕಡೆಗೆ ಸೆಣಸದೆ, ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದು ಮಳೆಗಾಲವಲ್ಲ, ಪ್ರವಾಸದ ಕಾಲ. ಬಯಲುಸೀಮೆಯಿಂದ ಬಂದು ಮೊದಲ ಬಾರಿ ಕಡಲು ಕಾಣುವ ಮಕ್ಕಳಿಗೆ ಕೆರೆಗೂ ಕಡಲಿಗೂ ಇರುವ ವ್ಯತ್ಯಾಸವನ್ನು ಬಸ್ಸು ಇಳಿಯುವ ಮೊದಲೇ ದೊಡ್ಡವರು ಹೇಳಬೇಕು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗಿಳಿಯುವಂತಿಲ್ಲ. ಮಳೆಗಾಲ ಪೂರ್ತಿ ಮುಗಿಯಲಿ, ನವೆಂಬರಿನಿಂದ ಫೆಬ್ರವರಿಯೊಳಗೆ ಹೊರಡಿ. ದಡದಲ್ಲಿ ಬಲೆ ಬಿಡಿಸುತ್ತ ಕೂತ ಮೀನುಗಾರರನ್ನು ಇಂದಿನ ನೀರು ಹೇಗಿದೆ ಎಂದು ಕೇಳಿ. ಅವರು ಬೇಡವೆಂದರೆ, ಅಥವಾ ಕೆಂಪು ಬಾವುಟ ಹಾರುತ್ತಿದ್ದರೆ, ಮಕ್ಕಳನ್ನು ಮರಳಿನಲ್ಲೇ ಆಡಲು ಬಿಡಿ.