ಭಿನ್ನರಾಶಿಯ ತೊಡಕು, ಪೂರ್ಣ ಸಂಖ್ಯೆಯ ಅಭ್ಯಾಸ

0, 1, 2, 3 ಎಂದು ಸಾಗುವ ಪೂರ್ಣ ಸಂಖ್ಯೆಗಳನ್ನು ಮಕ್ಕಳು ಎಣಿಸುತ್ತಲೇ ಕಲಿಯುತ್ತಾರೆ. ಪ್ರತಿ ಸಂಖ್ಯೆಗೂ ಅದರ ಮುಂದಿನದೊಂದು ಉಂಟು. 0 ಮತ್ತು 1ನ್ನು ಬಿಟ್ಟರೆ, ಗುಣಿಸಿದಾಗ ಸಂಖ್ಯೆ ಹೆಚ್ಚುತ್ತದೆ, ಭಾಗಿಸಿದಾಗ ತಗ್ಗುತ್ತದೆ. ಈ ಲೆಕ್ಕದಲ್ಲಿ ಪಳಗಿದ ವಿದ್ಯಾರ್ಥಿ ಆರು, ಏಳನೇ ತರಗತಿಯಲ್ಲಿ ಭಿನ್ನರಾಶಿಗೆ ಕೈಹಾಕಿದಾಗ ಅದೇ ನಿಯಮಗಳು ಕೈಕೊಡುತ್ತವೆ. 1/3 ಮತ್ತು 1/2ರ ನಡುವೆ ಲೆಕ್ಕವಿಲ್ಲದಷ್ಟು ಭಿನ್ನರಾಶಿಗಳಿವೆ. 8ನ್ನು 1/2ರಿಂದ ಗುಣಿಸಿದರೆ 4 ಬರುತ್ತದೆ, ಭಾಗಿಸಿದರೆ 16.

ಸಾಮಾನ್ಯ ತಪ್ಪುಗಳ ಬೇರು ಇಲ್ಲಿದೆ. ಅಂಶ, ಛೇದಗಳೆರಡೂ ಸೇರಿ ಒಂದೇ ಸಂಖ್ಯೆಯಾಗುತ್ತದೆ ಎಂಬುದು ಮನಸ್ಸಿಗೆ ಹತ್ತದೆ, ಅವು ಎರಡು ಬಿಡಿ ಪೂರ್ಣ ಸಂಖ್ಯೆಗಳಾಗಿಯೇ ಕಾಣುತ್ತವೆ. ಹಾಗಾಗಿ 1/6ಕ್ಕಿಂತ 1/8 ದೊಡ್ಡದೆನಿಸುತ್ತದೆ. 1/2 ಮತ್ತು 1/3ನ್ನು ಕೂಡಿಸಿದರೆ 2/5 ಎಂಬ ಉತ್ತರ ಬರುತ್ತದೆ. 1977–78ರಲ್ಲಿ ಅಮೆರಿಕದಲ್ಲಿ ನಡೆದ ರಾಷ್ಟ್ರಮಟ್ಟದ ಮೌಲ್ಯಮಾಪನದಲ್ಲಿ 12/13 ಮತ್ತು 7/8ರ ಮೊತ್ತ ಸುಮಾರು ಎಷ್ಟೆಂದು ಕೇಳಲಾಗಿತ್ತು. ಎರಡೂ 1ರ ಹತ್ತಿರವಿರುವುದರಿಂದ ಉತ್ತರ 2. ಹದಿಮೂರು ವರ್ಷದವರಲ್ಲಿ ಶೇ. 24ರಷ್ಟು ಮಂದಿ ಮಾತ್ರ ಅದನ್ನು ಆರಿಸಿದರು. ಅರ್ಧಕ್ಕಿಂತ ಹೆಚ್ಚಿನವರು ಅಂಶಗಳ ಮೊತ್ತವಾದ 19ನ್ನೋ ಛೇದಗಳ ಮೊತ್ತವಾದ 21ನ್ನೋ ಗುರುತು ಮಾಡಿದ್ದರು.

ಆದ್ದರಿಂದ ಲೆಕ್ಕ ಬಿಡಿಸುವ ವಿಧಾನಕ್ಕಿಂತ ಮೊದಲು ಭಿನ್ನರಾಶಿಯ ಗಾತ್ರ ಮನವರಿಕೆಯಾಗಬೇಕು. ವೃತ್ತ ಬರೆದು ಭಾಗ ಮಾಡುವ ಚಿತ್ರ ಆರಂಭಕ್ಕೆ ಸಾಕು. ಆದರೆ 7/4 ಬಂದಾಗ, ನಾಲ್ಕೇ ಭಾಗಗಳಲ್ಲಿ ಏಳನ್ನು ತೆಗೆಯುವುದು ಹೇಗೆಂಬ ಗೊಂದಲ ಹುಟ್ಟುತ್ತದೆ. ಸಂಖ್ಯಾರೇಖೆಯಲ್ಲಿ ಆ ತೊಡಕಿಲ್ಲ. ಅಕ್ಕಪಕ್ಕದ ಪೂರ್ಣ ಸಂಖ್ಯೆಗಳ ನಡುವಿನ ಅಂತರವನ್ನು ನಾಲ್ಕು ಸಮಭಾಗ ಮಾಡಿ 0ಯಿಂದ ಏಳು ಭಾಗ ಮುಂದೆ ಹೋದರೆ 7/4 ಸಿಗುತ್ತದೆ. ಅದು ಒಂದೂ ಮುಕ್ಕಾಲು ಎಂಬುದೂ ಕಣ್ಣಿಗೆ ಕಾಣುತ್ತದೆ. 4/4, 8/4 ಎಂಬವು 1 ಮತ್ತು 2ರ ಮೇಲೆಯೇ ಬೀಳುವುದರಿಂದ, ಪೂರ್ಣ ಸಂಖ್ಯೆಗಳನ್ನೂ ಭಿನ್ನರಾಶಿಯಾಗಿ ಬರೆಯಬಹುದೆಂದು ತಿಳಿಯುತ್ತದೆ. ಕಾಲು, ಅರ್ಧ, ಮುಕ್ಕಾಲು ಎಂಬ ಅಳತೆಗಳು ಮಕ್ಕಳ ಮನೆಮಾತಿನಲ್ಲೇ ಇವೆ. ಹಿಂದೆ ಇವಕ್ಕೂ ಮಗ್ಗಿಗಳಿದ್ದವು; 1957ರಲ್ಲಿ ದಶಮಾಂಶ ನಾಣ್ಯ ಬರುವವರೆಗೆ ರೂಪಾಯಿಗೆ 16 ಆಣೆಯ ಲೆಕ್ಕದಲ್ಲಿ ಅವು ದಿನನಿತ್ಯ ಬೇಕಾಗುತ್ತಿದ್ದವು.

ಕೂಡುವಾಗ ಛೇದಗಳನ್ನು ಸಮ ಮಾಡುವುದು ಭಾಗಗಳ ಅಳತೆ ಒಂದೇ ಆಗಲೆಂದು. 1/2 ಎಂದರೆ 3/6, 1/3 ಎಂದರೆ 2/6; ಮೊತ್ತ 5/6. ಛೇದಗಳ ಲ.ಸಾ.ಅ. ಬಳಸುವ ಈ ಕ್ರಮ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ 9ನೇ ಶತಮಾನದಲ್ಲೇ ಇದೆ. 1/2ಕ್ಕಿಂತ ಹೆಚ್ಚಿರಬೇಕಾದ ಮೊತ್ತ 2/5 ಆಗಲಾರದು ಎಂದು ವಿದ್ಯಾರ್ಥಿಯೇ ಅಂದಾಜು ಮಾಡುವಂತಾದರೆ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ.

ಭಾಗಾಕಾರದಲ್ಲಿ ಭಾಜಕವನ್ನು ತಿರುಗಿಸಿ ಗುಣಿಸುವುದಕ್ಕೂ ಕಾರಣವಿದೆ. 3 ಲೀಟರ್ ಹಾಲನ್ನು ಕಾಲು ಲೀಟರ್ ಪ್ಯಾಕೆಟ್‌ಗಳಿಗೆ ತುಂಬಿದರೆ ಲೀಟರಿಗೆ 4ರಂತೆ 12 ಪ್ಯಾಕೆಟ್‌ಗಳಾಗುತ್ತವೆ. 1/4ರಿಂದ ಭಾಗಿಸುವುದೆಂದರೆ 4ರಿಂದ ಗುಣಿಸುವುದೇ.

ಪೂರ್ಣ ಸಂಖ್ಯೆಗಳ ಎಲ್ಲ ನಿಯಮಗಳೂ ಇಲ್ಲಿ ಬಿದ್ದುಹೋಗುವುದಿಲ್ಲ. ಕೂಡುವ, ಗುಣಿಸುವ ಸಂಖ್ಯೆಗಳ ಸ್ಥಾನ ಬದಲಿಸಿದರೂ ಉತ್ತರ ಬದಲಾಗದು. ವಿಭಾಜಕ ನಿಯಮವೂ ಹಾಗೆಯೇ ಉಳಿಯುತ್ತದೆ. ಯಾವುದು ಉಳಿಯಿತು, ಯಾವುದು ಬದಲಾಯಿತು ಎಂಬುದು ತರಗತಿಯಲ್ಲಿ ಬಾಯಿಬಿಟ್ಟು ಚರ್ಚೆಯಾದರೆ, ಎಂಟನೇ ತರಗತಿಯ ಭಾಗಲಬ್ಧ ಸಂಖ್ಯೆಗಳಿಗೂ ಬೀಜಗಣಿತಕ್ಕೂ ತಳಹದಿ ಗಟ್ಟಿಯಾಗುತ್ತದೆ.